ಸೆಫಲೊಸ್ಪೊರಿನ್ ಸೂಜಿಮದ್ದು: ಉಪಯೋಗ, ಉಪದ್ರವ, ಎಚ್ಚರಿಕೆ

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನಿಗೆ, ರೋಗಗಳೆಲ್ಲವೂ ಒಂದೇ ಬಗೆಯವಲ್ಲವೆಂಬ ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುವಿನ ಮೈ ಊದಿ ಹಾಲಿನಂತಹ ದ್ರವ ಒಸರಿದರೆ ಅದು ಹಾಲುತೊಂಡೆ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾದರೆ ಸುಣ್ಣಕಟ್ಟು. ಸೊಪ್ಪು ತಿನ್ನುವುದನ್ನು ಬಿಟ್ಟು ಮೆತ್ತಗಾಗಿ ಕೊಳೆತರೆ ಸಪ್ಪೆರೋಗ. ತಾಯಿಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿದು ಬರುವುದು ಗಂಟುರೋಗ. ಮೊದಲನೆಯದಕ್ಕೆ ವೈರಸ್ ಕಾರಣ. ಎರಡನೆಯದಕ್ಕೆ ಬೂಷ್ಟು ಕಾರಣ. ಮೂರನೆಯದರಲ್ಲಿ ಬ್ಯಾಕ್ಟೀರಿಯಗಳ ಪಾತ್ರ ಹಿರಿದು. ನಾಲ್ಕನೆಯದು ಬೇರೊಂದು ಜಾತಿಯ ಸೂಕ್ಷ್ಮ ಪರಾವಲಂಬಿಯಿಂದ ಬರತಕ್ಕದ್ದು. ಒಂದಕ್ಕೆ ಹೂಡಿದ ಉಪಾಯ ಮತ್ತೊಂದಕ್ಕೆ ಒದಗದು. ಹುಳುಮನೆಯಲ್ಲಿ ಇಷ್ಟು ವಿವೇಚನೆಯಿಂದ ನಡೆಯುವ ಗೃಹಸ್ಥನು ತನ್ನ ಮಗುವಿಗೆ ಜ್ವರ ಬಂದ ದಿನ ಮಾತ್ರ ವೈದ್ಯರ ಮುಂದೆ ಕುಳಿತು, "ಒಂದು ಒಳ್ಳೆಯ ಸೂಜಿ ಹಾಕಿಬಿಡಿ ಸ್ವಾಮಿ, ನಾಳೆಗೆ ಎದ್ದು ಓಡಾಡಲಿ" ಎನ್ನುತ್ತಾನೆ. ಜ್ವರ ಯಾವುದು, ಅದರ ಮೂಲ ಯಾವುದು ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ರೋಗಕ್ಕೂ ಅದರ ಕಾರಣಕ್ಕೂ ಇರುವ ಸಂಬಂಧವನ್ನು ವಿಜ್ಞಾನ ಕಲಿತದ್ದರಲ್ಲಿ ರೇಷ್ಮೆಹುಳುವಿನ ಪಾತ್ರವೂ ಉಂಟು. 1865ರಲ್ಲಿ ಫ್ರಾನ್ಸಿನ ಅಲೆಸ್ ಪ್ರಾಂತದ ರೇಷ್ಮೆ ಕಸುಬು ಗಂಟುರೋಗದಿಂದ ನಾಶದ ಅಂಚಿಗೆ ಬಂದಾಗ ಲೂಯಿ ಪಾಶ್ಚರ್ ಅಲ್ಲಿಗೆ ತೆರಳಿ ಕೆಲವು ವರ್ಷ ಅದರ ಅಧ್ಯಯನದಲ್ಲಿ ತೊಡಗಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸತಕ್ಕದ್ದೆಂದು ಅವರು ತೋರಿಸಿಕೊಟ್ಟ ಕ್ರಮ ಇಂದಿಗೂ ಬಿತ್ತನೆ ಕೋಠಿಗಳಲ್ಲಿ ರೂಢಿಯಲ್ಲಿದೆ. ಮೊದಲು ಕಾರಣವನ್ನು ಅರಿ, ಅನಂತರ ಉಪಾಯವನ್ನು ಹೂಡು ಎಂಬುದೇ ಅದರ ತಿರುಳು. ಇಂದು ಆಸ್ಪತ್ರೆಗಳಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುತ್ತಿರುವ ಸೂಜಿಮದ್ದುಗಳಲ್ಲಿ ಒಂದಾದ ಸೆಫಲೊಸ್ಪೊರಿನ್ ವರ್ಗಕ್ಕೆ, ಅದರಲ್ಲಿಯೂ ಸೆಫ್ಟ್ರಿಯಾಕ್ಸೋನ್ ಎಂಬ ಮದ್ದಿಗೆ, ಈ ಮಾತು ಹೇಗೆ ಅನ್ವಯಿಸುತ್ತದೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹೆಸರು ಮತ್ತು ಹುಟ್ಟು

ಗ್ರೀಕ್ ಭಾಷೆಯಲ್ಲಿ 'ಕೆಫಲೆ' ಎಂದರೆ ತಲೆ, 'ಸ್ಪೋರ' ಎಂದರೆ ಬೀಜ. ಬೀಜಕಣಗಳನ್ನು ತಲೆಯಂತೆ ಗೊಂಚಲಾಗಿ ಹೊತ್ತ ಒಂದು ಬೂಷ್ಟಿಗೆ ಸಸ್ಯಶಾಸ್ತ್ರಜ್ಞರು 'ಸೆಫಲೊಸ್ಪೋರಿಯಂ' ಎಂದು ಹೆಸರಿಟ್ಟರು. ಅದರಿಂದ ದೊರೆತ ಮದ್ದು ಸೆಫಲೊಸ್ಪೊರಿನ್. ಕನ್ನಡದಲ್ಲಿ ಈ ಬಗೆಯ ಔಷಧಗಳನ್ನು ಪ್ರತಿಜೈವಿಕಗಳೆಂದು ಕರೆಯುವ ವಾಡಿಕೆ ಬೆಳೆದಿದೆ. ಜೀವಿಯೊಂದು ತನ್ನ ರಕ್ಷಣೆಗಾಗಿ ಸೃಜಿಸಿಕೊಂಡ ವಸ್ತು ಮತ್ತೊಂದು ಜೀವಿಯ ಬೆಳವಣಿಗೆಯನ್ನು ತಡೆಯುವುದರಿಂದ ಆ ಹೆಸರು ಸಾರ್ಥಕವಾಗಿದೆ.

ಈ ಮದ್ದಿನ ಹುಟ್ಟು ಸ್ವಾರಸ್ಯಕರವಾದದ್ದು. ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ನಗರದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜುಸೆಪ್ಪೆ ಬ್ರೋಟ್ಸು ಅವರು, ಊರಿನ ಚರಂಡಿ ಸಮುದ್ರವನ್ನು ಸೇರುವ ಸ್ಥಳದಲ್ಲಿ ನೀರು ತಾನಾಗಿಯೇ ಶುದ್ಧಿಗೊಳ್ಳುವಂತೆ ಕಂಡದ್ದರ ಕಾರಣವನ್ನು ಶೋಧಿಸುತ್ತ, 1945ರಲ್ಲಿ ಆ ನೀರಿನಿಂದ ಒಂದು ಬೂಷ್ಟನ್ನು ಬೇರ್ಪಡಿಸಿದರು. ಅದರ ರಸಕ್ಕೆ ಟೈಫಾಯ್ಡ್ ರೋಗಾಣುವನ್ನೂ ಇತರ ಕೆಲವು ರೋಗಾಣುಗಳನ್ನೂ ತಡೆಯುವ ಶಕ್ತಿಯಿದ್ದುದನ್ನು ಕಂಡು 1948ರಲ್ಲಿ ಪ್ರಕಟಿಸಿದರು. ಹೆಚ್ಚಿನ ಸಂಶೋಧನೆಗೆ ಬೇಕಾದ ಸೌಕರ್ಯ ತಮ್ಮಲ್ಲಿ ಇಲ್ಲದಿದ್ದುದರಿಂದ ಆ ಬೂಷ್ಟನ್ನು ಆಕ್ಸ್‌ಫರ್ಡಿಗೆ ಕಳುಹಿಸಿಕೊಟ್ಟರು. ಅಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ಎಂಬ ವಿದ್ವಾಂಸರು ಸೆಫಲೊಸ್ಪೊರಿನ್-ಸಿ ಎಂಬ ಮೂಲವಸ್ತುವನ್ನು ಶುದ್ಧರೂಪದಲ್ಲಿ ಪಡೆದರು. ಅದರ ಅಣುರಚನೆಯನ್ನು 1961ರಲ್ಲಿ ಡೊರೋತಿ ಹಾಡ್ಜ್‌ಕಿನ್ ಅವರು ಕ್ಷಕಿರಣಗಳ ನೆರವಿನಿಂದ ದೃಢಪಡಿಸಿದರು. 1964ರಲ್ಲಿ ಈ ವರ್ಗದ ಮೊದಲ ಸೂಜಿಮದ್ದು ಬಳಕೆಗೆ ಬಂದಿತು. ಸೆಫ್ಟ್ರಿಯಾಕ್ಸೋನ್ ಬಂದದ್ದು 1980ರ ದಶಕದ ಆರಂಭದಲ್ಲಿ.

ಇಲ್ಲಿ ಒಂದು ಸಂಗತಿಯನ್ನು ದಾನಿಗಳು ವಿಶೇಷವಾಗಿ ಗಮನಿಸಬೇಕು. ಈ ಮದ್ದಿನ ಸ್ವಾಮ್ಯದಿಂದ ತಮ್ಮ ಪಾಲಿಗೆ ಬಂದ ಅಪಾರ ಹಣದ ಬಹುಭಾಗವನ್ನು ಏಬ್ರಹಾಂ ಅವರು ತಮ್ಮ ವೈಭವಕ್ಕೆ ಬಳಸದೆ ನಿಧಿಗಳಾಗಿ ಮಾಡಿ ವಿದ್ಯಾಸಂಸ್ಥೆಗಳಿಗೂ ವೈದ್ಯಕೀಯ ಸಂಶೋಧನೆಗೂ ಅರ್ಪಿಸಿದರು. ಚರಂಡಿಯ ನೀರಿನಲ್ಲಿ ದೊರೆತ ಸಂಪತ್ತು ಹೀಗೆ ವಿದ್ಯೆಯ ಸೇವೆಗೆ ಸಂದಿತು.

ಕರ್ನಾಟಕಕ್ಕೂ ಪ್ರತಿಜೈವಿಕಗಳ ತಯಾರಿಕೆಗೂ ಹತ್ತಿರದ ನಂಟುಂಟು. ಸಾರ್ವಜನಿಕ ರಂಗದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಸಂಸ್ಥೆ 1981ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್‌ಗಳನ್ನು ಇತರ ಔಷಧಗಳೊಡನೆ ಬೆರೆಯದಂತೆ ಪ್ರತ್ಯೇಕ ವ್ಯವಸ್ಥೆಯಲ್ಲಿ ತಯಾರಿಸಬೇಕೆಂಬುದು ಔಷಧ ಉದ್ಯಮದ ಕಟ್ಟುನಿಟ್ಟಾದ ನಿಯಮ. ಅವುಗಳ ಧೂಳಿನ ಲೇಶವೂ ಒಗ್ಗದ ಮೈಗೆ ಅಪಾಯ ತರಬಲ್ಲುದೆಂಬುದೇ ಇದಕ್ಕೆ ಕಾರಣ.

ಮದ್ದು ಕೆಲಸ ಮಾಡುವ ಬಗೆ

ಬ್ಯಾಕ್ಟೀರಿಯವೆಂಬುದು ಒಂದೇ ಜೀವಕೋಶದ ಸೂಕ್ಷ್ಮಜೀವಿ. ಮಾಗಡಿಯ ಕೋಟೆಗೆ ಕಲ್ಲಿನ ಗೋಡೆ ಇರುವಂತೆ ಈ ಜೀವಿಗೂ ಸುತ್ತ ಒಂದು ಬಿಗಿಯಾದ ಗೋಡೆಯುಂಟು. ಜೀವಿ ಬೆಳೆದು ಇಬ್ಭಾಗವಾಗುವಾಗ ಆ ಗೋಡೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ಗೋಡೆ ಕಟ್ಟುವ ಕೆಲಸಗಾರರಂತಿರುವ ಕಿಣ್ವಗಳಿಗೆ ಸೆಫಲೊಸ್ಪೊರಿನ್ ಅಂಟಿಕೊಂಡು ಅವುಗಳ ಕೈಯನ್ನು ಕಟ್ಟಿಹಾಕುತ್ತದೆ. ಗೋಡೆ ಅರೆಯಾಗಿ ಉಳಿಯುತ್ತದೆ. ಒಳಗಿನ ಒತ್ತಡವನ್ನು ತಡೆಯಲಾರದೆ ಜೀವಿ ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಈ ಬಗೆಯ ಗೋಡೆಯೇ ಇಲ್ಲವಾದುದರಿಂದ ಮದ್ದು ಅವುಗಳನ್ನು ಹೆಚ್ಚಾಗಿ ಬಾಧಿಸುವುದಿಲ್ಲ. ಪೆನಿಸಿಲಿನ್ ಕೆಲಸ ಮಾಡುವುದೂ ಹೀಗೆಯೇ. ಎರಡೂ ಒಂದೇ ಮನೆತನದ ಮದ್ದುಗಳು.

ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಮನೆಯೂ ಇಲ್ಲ. ಅದು ಮನುಷ್ಯನ ಜೀವಕೋಶದೊಳಗೆ ಹೊಕ್ಕು ಬೆಳೆಯತಕ್ಕದ್ದು. ಆದ್ದರಿಂದ ನೆಗಡಿ, ಫ್ಲೂ, ಡೆಂಗೀ, ಚಿಕುನ್‌ಗುನ್ಯ ಮೊದಲಾದ ವೈರಸ್ ಜ್ವರಗಳಿಗೆ ಸೆಫಲೊಸ್ಪೊರಿನ್ ಎಷ್ಟು ಕೊಟ್ಟರೂ ಮೂಲರೋಗದ ಮೇಲೆ ಪರಿಣಾಮವಾಗದು. ಹಾಲುತೊಂಡೆ ತಗುಲಿದ ಹುಳುವಿಗೆ ಸಪ್ಪೆರೋಗದ ಮದ್ದು ಕೊಟ್ಟಂತೆಯೇ ಸರಿ. ಸೂಜಿ ಹಾಕಿಸಿದ ಮೂರನೆಯ ದಿನ ನೆಗಡಿಜ್ವರ ಇಳಿಯಿತೆಂದು ಜನ ಮದ್ದನ್ನು ಹೊಗಳುವುದುಂಟು. ಆ ಜ್ವರ ಸೂಜಿಯಿಲ್ಲದೆಯೂ ಮೂರು ದಿನಕ್ಕೆ ಇಳಿಯುತ್ತಿತ್ತು.

ಪೀಳಿಗೆಗಳು

ಮೂಲವಸ್ತುವಿನ ರಚನೆಯನ್ನು ಅಲ್ಲಲ್ಲಿ ಬದಲಿಸಿ ವಿಜ್ಞಾನಿಗಳು ಈ ವರ್ಗದಲ್ಲಿ ಹಲವು ಮದ್ದುಗಳನ್ನು ರೂಪಿಸಿದ್ದಾರೆ. ಅವುಗಳನ್ನು ಪೀಳಿಗೆಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲನೆಯ ಪೀಳಿಗೆಯ ಸೆಫಜೋಲಿನ್ ಚರ್ಮದ ಮೇಲಿನ ಕೀವುಕಾರಕ ಬ್ಯಾಕ್ಟೀರಿಯಗಳಿಗೆ ಒಳ್ಳೆಯ ಮದ್ದು. ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವುದಕ್ಕೆ ಮೊದಲಿನ ಒಂದು ಗಂಟೆಯೊಳಗೆ ಇದನ್ನು ಕೊಟ್ಟರೆ ಗಾಯ ಕೀವಾಗುವ ಸಂಭವ ತಗ್ಗುತ್ತದೆ. ಎರಡನೆಯ ಪೀಳಿಗೆಗೆ ಸೆಫ್ಯುರಾಕ್ಸಿಮ್ ಉದಾಹರಣೆ. ಮೂರನೆಯ ಪೀಳಿಗೆಯಲ್ಲಿ ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫ್ಟಾಜಿಡಿಮ್, ಸೆಫೊಪೆರಜೋನ್ ಮೊದಲಾದವು ಸೇರುತ್ತವೆ. ನಾಲ್ಕನೆಯದರಲ್ಲಿ ಸೆಫೆಪಿಮ್, ಐದನೆಯದರಲ್ಲಿ ಸೆಫ್ಟರೋಲಿನ್ ಬರುತ್ತವೆ. ಪೀಳಿಗೆ ಮುಂದಾದಷ್ಟೂ ಮದ್ದು ಎಲ್ಲ ರೋಗಕ್ಕೂ ಮೇಲು ಎಂದು ಭಾವಿಸಬಾರದು. ಕೀವುಗಾಯದ ಕೆಲವು ರೋಗಾಣುಗಳಿಗೆ ಮೂರನೆಯ ಪೀಳಿಗೆಗಿಂತ ಮೊದಲನೆಯದೇ ಲೇಸು.

ಸೆಫ್ಟ್ರಿಯಾಕ್ಸೋನ್ ಜನಪ್ರಿಯವಾದುದಕ್ಕೆ ಮುಖ್ಯ ಕಾರಣ ಅದರ ದೀರ್ಘಕಾಲದ ಇರವು. ವಯಸ್ಕರ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಹಿಡಿಯುತ್ತದೆ. ಹೀಗಾಗಿ ಬಹುಮಟ್ಟಿನ ರೋಗಗಳಲ್ಲಿ ದಿನಕ್ಕೆ ಒಂದು ಬಾರಿ ಕೊಟ್ಟರೆ ಸಾಕಾಗುತ್ತದೆ. ಮೆದುಳುಪೊರೆಯ ಉರಿಯೂತ ಉಂಟಾದಾಗ ಅದು ಮೆದುಳಿನ ಸುತ್ತಲಿನ ದ್ರವದೊಳಕ್ಕೂ ಸಾಕಷ್ಟು ಪ್ರಮಾಣದಲ್ಲಿ ಹೊಗುತ್ತದೆ. ದೇಹದಿಂದ ಹೊರಹೋಗುವಾಗ ಒಂದು ಪಾಲು ಮೂತ್ರದ ಮೂಲಕವೂ ಮತ್ತೊಂದು ಪಾಲು ಪಿತ್ತರಸದ ಮೂಲಕವೂ ಹೋಗುತ್ತದೆ.

ಉಪಯೋಗಗಳು

ಸರಿಯಾದ ರೋಗಕ್ಕೆ ಸರಿಯಾದ ಹೊತ್ತಿನಲ್ಲಿ ದೊರೆತರೆ ಈ ಸೂಜಿಮದ್ದು ಪ್ರಾಣದಾನ ಮಾಡುತ್ತದೆಂಬುದರಲ್ಲಿ ಸಂಶಯವಿಲ್ಲ. ಬ್ಯಾಕ್ಟೀರಿಯದಿಂದ ಬರುವ ಮೆದುಳುಪೊರೆಯ ಉರಿಯೂತದಲ್ಲಿ ಗಂಟೆಗಳ ವಿಳಂಬವೂ ಮಗುವಿನ ಕಿವಿಯನ್ನೋ ಬುದ್ಧಿಯನ್ನೋ ಪ್ರಾಣವನ್ನೋ ಕಸಿಯಬಹುದು. ಅಲ್ಲಿ ಸೆಫ್ಟ್ರಿಯಾಕ್ಸೋನ್ ಮೊದಲ ಸಾಲಿನ ಮದ್ದು. ತೀವ್ರವಾದ ನ್ಯುಮೋನಿಯ, ರಕ್ತಕ್ಕೆ ನಂಜೇರಿದ ಸ್ಥಿತಿ, ಮೂತ್ರಪಿಂಡಕ್ಕೆ ಏರಿದ ಸೋಂಕು, ಹೊಟ್ಟೆಯೊಳಗಿನ ಸೋಂಕು, ಮೂಳೆ ಮತ್ತು ಕೀಲುಗಳ ಸೋಂಕು ಇವುಗಳಲ್ಲಿಯೂ ವೈದ್ಯರು ಇದನ್ನು ಬಳಸುತ್ತಾರೆ.

ಟೈಫಾಯ್ಡ್ ಅಥವಾ ವಿಷಮಶೀತಜ್ವರದ ಪ್ರಸ್ತಾಪ ಇಲ್ಲಿ ಅವಶ್ಯ. ಒಂದು ಕಾಲಕ್ಕೆ ಕ್ಲೋರಾಂಫೆನಿಕಾಲ್ ಎಂಬ ಮದ್ದಿಗೆ ಬಗ್ಗುತ್ತಿದ್ದ ಈ ರೋಗಾಣು ಕ್ರಮೇಣ ಅದನ್ನು ಮೀರಿ ನಿಂತಿತು. ಅನಂತರ ಬಂದ ಸಿಪ್ರೊಫ್ಲಾಕ್ಸಸಿನ್ ಸಹ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಸೋತಿತು. ಇದರ ಪರಿಣಾಮವಾಗಿ ಆಸ್ಪತ್ರೆ ಸೇರುವ ಟೈಫಾಯ್ಡ್ ರೋಗಿಗೆ ಸೆಫ್ಟ್ರಿಯಾಕ್ಸೋನ್ ಮುಖ್ಯ ಆಸರೆಯಾಗಿದೆ. ಈ ಚಿಕಿತ್ಸೆಯಲ್ಲಿ ಜ್ವರ ಮೊದಲ ಸೂಜಿಗೇ ಇಳಿಯುವುದಿಲ್ಲ. ಐದಾರು ದಿನ ಹಿಡಿಯುವುದು ಸಹಜ. ಇದನ್ನರಿಯದ ಮನೆಯವರು ಎರಡನೆಯ ದಿನಕ್ಕೇ ಧೈರ್ಯಗುಂದಿ ರಾಮನಗರದ ಆಸ್ಪತ್ರೆಯಿಂದ ಬೆಂಗಳೂರಿಗೆ, ಅಲ್ಲಿಂದ ಮತ್ತೊಂದು ಆಸ್ಪತ್ರೆಗೆ ರೋಗಿಯನ್ನು ಹೊತ್ತು ತಿರುಗಬಾರದು. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವವುಂಟು.

ಕನಕಪುರದ ಕಲ್ಲುಗಣಿಯಲ್ಲಿ ಕಾಲು ಜಜ್ಜಿಕೊಂಡವನಿಗೂ ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆ ಕಡೆಯುತ್ತ ಕೈ ಸೀಳಿಕೊಂಡವನಿಗೂ ವೈದ್ಯರು ಗಾಯದ ಆಳವನ್ನು ನೋಡಿ ಪ್ರತಿಜೈವಿಕ ಬೇಕೇ ಬೇಡವೇ ಎಂದು ನಿರ್ಧರಿಸುತ್ತಾರೆ. ಗಾಯವನ್ನು ಚೆನ್ನಾಗಿ ತೊಳೆದು ಸತ್ತ ಭಾಗವನ್ನು ತೆಗೆಯುವುದೇ ಅಲ್ಲಿ ಮೊದಲ ಚಿಕಿತ್ಸೆ. ಈ ಸೂಜಿ ಧನುರ್ವಾಯುವಿನ ಲಸಿಕೆಗೆ ಬದಲಾಗದು; ಅದನ್ನು ಬೇರೆಯಾಗಿಯೇ ಹಾಕಿಸಿಕೊಳ್ಳಬೇಕು.

ಬ್ಯಾಕ್ಟೀರಿಯದಿಂದ ಬಂದ ಜ್ವರಗಳಲ್ಲಿಯೂ ಈ ಮದ್ದು ನಾಟದಂತಹವು ಕೆಲವುಂಟು. ಹುಲ್ಲು ಪೊದೆಗಳಲ್ಲಿರುವ ಉಣ್ಣೆಜಾತಿಯ ಸಣ್ಣ ಹುಳುವಿನ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆ, ಸೆಫ್ಟ್ರಿಯಾಕ್ಸೋನ್ ಮಾಡುವುದಿಲ್ಲ. ಸಾವನದುರ್ಗದ ತಪ್ಪಲಿನಂತಹ ಕುರುಚಲು ಕಾಡಿನಲ್ಲಿ ದನ ಮೇಯಿಸುವವರು, ಸೌದೆ ಹುಲ್ಲು ತರುವವರು ಜ್ವರ ಬಂದಾಗ ತಾವು ತಿರುಗಾಡಿದ ಜಾಗವನ್ನೂ ಮೈಮೇಲೆ ಕಪ್ಪು ಹೆಕ್ಕಳೆಯಂತಹ ಕಲೆ ಇದ್ದರೆ ಅದನ್ನೂ ವೈದ್ಯರಿಗೆ ಮರೆಯದೆ ಹೇಳಬೇಕು. ಕ್ಷಯರೋಗಕ್ಕೂ ಮಲೇರಿಯಕ್ಕೂ ಈ ಮದ್ದು ಸಲ್ಲದು.

ಉಪದ್ರವಗಳು

ಮದ್ದು ಎಂಬ ಮಾತಿಗೆ ಹಳ್ಳಿಗಳಲ್ಲಿ ಔಷಧವೆಂಬ ಅರ್ಥವೂ ವಿಷವೆಂಬ ಅರ್ಥವೂ ಇರುವುದು ಆಕಸ್ಮಿಕವಲ್ಲ. ಸೆಫ್ಟ್ರಿಯಾಕ್ಸೋನಿನಿಂದ ಸಾಮಾನ್ಯವಾಗಿ ಕಾಣುವ ತೊಂದರೆಗಳು ಸಣ್ಣವು: ಚುಚ್ಚಿದ ಸ್ಥಳದಲ್ಲಿ ನೋವು ಮತ್ತು ಗಂಟು, ಬೇಧಿ, ವಾಕರಿಕೆ, ಮೈಮೇಲೆ ಕೆಂಪು ದದ್ದು, ಬಾಯಿಯಲ್ಲಾಗಲಿ ಗುಪ್ತಾಂಗದಲ್ಲಾಗಲಿ ಬೂಷ್ಟಿನ ಸೋಂಕು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಸ್ವಲ್ಪ ಏರಿರುವುದುಂಟು. ಇವು ಬಹುಮಟ್ಟಿಗೆ ಮದ್ದು ನಿಂತ ಮೇಲೆ ತಾವಾಗಿಯೇ ಹೋಗುತ್ತವೆ.

ವಿರಳವಾದರೂ ಗಂಭೀರವಾದ ಉಪದ್ರವಗಳಲ್ಲಿ ಮೊದಲನೆಯದು ತೀವ್ರ ಅಲರ್ಜಿ. ಸೂಜಿ ಹಾಕಿದ ಕೆಲವೇ ನಿಮಿಷಗಳಲ್ಲಿ ಮೈ ತುರಿಸಿ ಗಂಧೆಗಳೆದ್ದು, ತುಟಿ ನಾಲಗೆಗಳು ಊದಿ, ಉಸಿರು ಸಿಕ್ಕಿ, ರಕ್ತದೊತ್ತಡ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಆಗ ತಡಮಾಡದೆ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಸೂಜಿ ಕೊಡತಕ್ಕದ್ದು. ಅದು ಕೈಗೆ ಸಿಗುವಂತಿಲ್ಲದ ಜಾಗದಲ್ಲಿ ಪ್ರತಿಜೈವಿಕದ ಸೂಜಿಯನ್ನು ಹಾಕಲೇಬಾರದು. ನಮ್ಮಲ್ಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯ ರೂಢಿಯಿದೆ. ಆ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಅಲರ್ಜಿ ಬಾರದೆಂಬ ಭರವಸೆಯಿಲ್ಲ. ಆದ್ದರಿಂದ ಸೂಜಿ ಹಾಕಿಸಿಕೊಂಡವರು ಬಸ್ಸಿಗೆ ಹೊತ್ತಾಯಿತೆಂದು ಓಡದೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲಿಯೇ ಕುಳಿತಿರುವುದು ಕ್ಷೇಮ.

ಎರಡನೆಯದು ತೀವ್ರ ಬೇಧಿ. ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಮದ್ದು ಕೊಲ್ಲುವುದರಿಂದ, ಆ ತೆರವಿನಲ್ಲಿ ಒಂದು ದುಷ್ಟ ಬ್ಯಾಕ್ಟೀರಿಯ ಬೆಳೆದು ಕರುಳನ್ನು ಕೆಡಿಸಬಹುದು. ಇದು ಚಿಕಿತ್ಸೆ ಮುಗಿದು ವಾರಗಳಾದ ಮೇಲೂ ಬರಬಹುದು. ನೀರಿನಂತೆ ಬೇಧಿಯಾಗಿ ರಕ್ತವೂ ಜ್ವರವೂ ಕಾಣಿಸಿದರೆ ಬೇಧಿ ಕಟ್ಟುವ ಮಾತ್ರೆಯನ್ನು ತಾನಾಗಿ ನುಂಗದೆ ವೈದ್ಯರ ಬಳಿಗೆ ಹೋಗಬೇಕು.

ಮೂರನೆಯದು ಪಿತ್ತಕೋಶಕ್ಕೆ ಸಂಬಂಧಿಸಿದ್ದು. ಸೆಫ್ಟ್ರಿಯಾಕ್ಸೋನ್ ಸುಣ್ಣದಂಶದೊಡನೆ ಕೂಡಿ ಪಿತ್ತಕೋಶದಲ್ಲಿ ಮಡ್ಡಿಯಂತೆ ತಂಗುವುದುಂಟು. ಸ್ಕ್ಯಾನಿನಲ್ಲಿ ಅದು ಕಲ್ಲಿನಂತೆಯೇ ತೋರುತ್ತದೆ; ಮದ್ದು ನಿಂತ ಮೇಲೆ ಸಾಮಾನ್ಯವಾಗಿ ಕರಗಿಹೋಗುತ್ತದೆ. ಸೂಜಿಯ ಚಿಕಿತ್ಸೆ ನಡೆದಿದ್ದ ಸಂಗತಿಯನ್ನು ತಿಳಿಸದೆ ಇದ್ದರೆ ಅದನ್ನು ನಿಜವಾದ ಕಲ್ಲೆಂದು ಎಣಿಸುವ ಅಪಾಯವಿದೆ. ಇನ್ನೂ ವಿರಳವಾಗಿ ಕೆಂಪು ರಕ್ತಕಣಗಳು ಒಡೆಯುವ ರಕ್ತಹೀನತೆ ಉಂಟಾಗಬಹುದು. ಮೂತ್ರಪಿಂಡ ಕೆಟ್ಟವರಲ್ಲಿ ಮನಸ್ಸಿನ ಗೊಂದಲ, ಸೆಳವು ಕಾಣಿಸಬಹುದು.

ಎಚ್ಚರಿಕೆಗಳು

ಪೆನಿಸಿಲಿನ್ ಅಥವಾ ಈ ವರ್ಗದ ಯಾವುದೇ ಮದ್ದಿಗೆ ಹಿಂದೆ ಅಲರ್ಜಿಯಾಗಿದ್ದರೆ ಅದನ್ನು ಸೂಜಿ ಹಾಕುವ ಮೊದಲೇ ಹೇಳತಕ್ಕದ್ದು. ಪೆನಿಸಿಲಿನ್ ಒಗ್ಗದ ಹತ್ತು ಜನರಲ್ಲಿ ಒಬ್ಬರಿಗೆ ಇದೂ ಒಗ್ಗದೆಂದು ಹಿಂದಿನ ಗ್ರಂಥಗಳು ಹೇಳುತ್ತಿದ್ದವು. ಮೂರನೆಯ ಪೀಳಿಗೆಯ ಮದ್ದುಗಳಲ್ಲಿ ಆ ಪ್ರಮಾಣ ಬಹಳ ಕಡಿಮೆಯೆಂದು ಈಗ ತಿಳಿದುಬಂದಿದೆ. ಆದರೂ ಪೆನಿಸಿಲಿನ್ನಿನಿಂದ ಪ್ರಾಣಾಪಾಯವಾಗಿದ್ದವರ ವಿಷಯದಲ್ಲಿ ನಿರ್ಧಾರ ವೈದ್ಯರದೇ ಆಗಿರಬೇಕು.

ಹುಟ್ಟಿ 28 ದಿನ ತುಂಬದ ಹಸುಗೂಸಿಗೆ ವಿಶೇಷ ಎಚ್ಚರ ಬೇಕು. ಸುಣ್ಣದಂಶವಿರುವ ದ್ರವವನ್ನು ರಕ್ತನಾಳದ ಮೂಲಕ ಪಡೆಯುತ್ತಿರುವ ಅಥವಾ ಪಡೆಯಬೇಕಾದ ಹಸುಗೂಸಿಗೆ ಸೆಫ್ಟ್ರಿಯಾಕ್ಸೋನ್ ನಿಷಿದ್ಧ. ಇವೆರಡೂ ಕೂಡಿ ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಶಿಶುಗಳು ಮೃತಪಟ್ಟ ಪ್ರಕರಣಗಳು ವರದಿಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಕೆಯನ್ನು ಹೊರಡಿಸಿತು. ಕಾಮಾಲೆಯಿರುವ ಶಿಶುವಿಗೂ ದಿನ ತುಂಬದೆ ಹುಟ್ಟಿದ ಶಿಶುವಿಗೂ ಇದು ಸಲ್ಲದು. ರಕ್ತದಲ್ಲಿರುವ ಪಿತ್ತವರ್ಣವನ್ನು ಅದರ ನೆಲೆಯಿಂದ ತಳ್ಳಿ ಮೆದುಳಿಗೆ ಹಾನಿ ಮಾಡುವ ಭಯವಿದೆ. ಅಂತಹ ಶಿಶುಗಳಿಗೆ ವೈದ್ಯರು ಸಾಮಾನ್ಯವಾಗಿ ಸೆಫೊಟಾಕ್ಸಿಮ್ ಮೊದಲಾದ ಬೇರೆ ಮದ್ದನ್ನು ಆರಿಸುತ್ತಾರೆ. ದೊಡ್ಡವರಿಗಾದರೂ ರಿಂಗರ್ ಲ್ಯಾಕ್ಟೇಟ್ ಎಂಬ ಬಾಟಲಿಯ ದ್ರವದೊಡನೆ ಈ ಮದ್ದನ್ನು ಬೆರೆಸಬಾರದು, ಅದರಲ್ಲಿ ಸುಣ್ಣದಂಶವುಂಟು.

ಮದ್ದು ಗಾಜಿನ ಚಿಕ್ಕ ಸೀಸೆಯಲ್ಲಿ ಒಣ ಪುಡಿಯ ರೂಪದಲ್ಲಿ ಬರುತ್ತದೆ. ಸ್ನಾಯುವಿಗೆ ಕೊಡುವಾಗ ನೋವು ಹೆಚ್ಚಾದುದರಿಂದ ಲಿಗ್ನೋಕೇನ್ ಎಂಬ ಜೋಮುಮದ್ದಿನಲ್ಲಿ ಕರಗಿಸುವುದುಂಟು. ಹಾಗೆ ಕರಗಿಸಿದ್ದನ್ನು ರಕ್ತನಾಳಕ್ಕೆ ಎಂದಿಗೂ ಕೊಡಬಾರದು. ಹೃದಯದ ಬಡಿತ ಕೆಡಬಹುದು. ರಕ್ತನಾಳಕ್ಕೆ ಕೊಡುವಾಗ ಶುದ್ಧ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕೊಡತಕ್ಕದ್ದು. ಪ್ರಮಾಣ, ದಿನಗಳ ಸಂಖ್ಯೆ, ಕೊಡುವ ಮಾರ್ಗ ಇವೆಲ್ಲ ರೋಗ, ವಯಸ್ಸು, ತೂಕಗಳನ್ನು ಅವಲಂಬಿಸಿ ವೈದ್ಯರು ನಿರ್ಧರಿಸಬೇಕಾದವು. ಅಂಗಡಿಯಿಂದ ಸೀಸೆ ತಂದು ಮನೆಯಲ್ಲಿ ಪರಿಚಯದವರಿಂದ ಚುಚ್ಚಿಸಿಕೊಳ್ಳುವ ಪದ್ಧತಿ ಸರ್ವಥಾ ತ್ಯಾಜ್ಯ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಸಂಭವ ಹೆಚ್ಚಬಹುದು. ಸೆಫೊಪೆರಜೋನ್ ಪಡೆಯುವವರು ಮದ್ಯಪಾನ ಮಾಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುವುದುಂಟು. ಸಕ್ಕರೆ ಕಾಯಿಲೆಯವರ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿ ನೋಡುವ ಹಳೆಯ ಪರೀಕ್ಷೆ ಈ ಮದ್ದಿನ ದಿನಗಳಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸಬಹುದು. ಗರ್ಭಿಣಿಯರು ಮತ್ತು ಮೊಲೆಯೂಡಿಸುವ ತಾಯಂದಿರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ಮದ್ದು ಸೋಲುವ ಬಗೆ

ಇಷ್ಟೆಲ್ಲ ಉಪದ್ರವಗಳು ಸೂಜಿ ಚುಚ್ಚಿಸಿಕೊಂಡವನ ಮೈಗೆ ಸಂಬಂಧಿಸಿದವು. ಇನ್ನೊಂದು ಉಪದ್ರವ ಊರಿಗೆಲ್ಲ ಸಂಬಂಧಿಸಿದ್ದು. ಮದ್ದು ಬಿದ್ದಾಗ ಸಾವಿರಾರು ಬ್ಯಾಕ್ಟೀರಿಯಗಳು ಸಾಯುತ್ತವೆ. ಅದನ್ನು ತಾಳಿಕೊಳ್ಳುವ ಗುಣವಿರುವ ಒಂದೆರಡು ಉಳಿಯುತ್ತವೆ. ಎದುರಾಳಿಗಳಿಲ್ಲದ ಬಯಲಿನಲ್ಲಿ ಅವು ಬೆಳೆದು ಹಬ್ಬುತ್ತವೆ. ಕೆಲವು ಬ್ಯಾಕ್ಟೀರಿಯಗಳು ಸೆಫಲೊಸ್ಪೊರಿನ್ನಿನ ಅಣುವನ್ನೇ ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸುತ್ತವೆ. ಆ ವಿದ್ಯೆಯನ್ನು ನೆರೆಯ ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸುತ್ತವೆ. ಅವಶ್ಯವಿಲ್ಲದೆ ಹಾಕಿಸಿದ ಪ್ರತಿಯೊಂದು ಸೂಜಿಯೂ ಇಂತಹ ಆಯ್ಕೆಗೆ ದಾರಿ ಮಾಡಿಕೊಡುತ್ತದೆ.

ಪೆನಿಸಿಲಿನ್ನಿನ ಶೋಧಕರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಎತ್ತಿ ಹೇಳಿದ್ದರು. ಬ್ರೋಟ್ಸು ಅವರಿಗೆ ಬೂಷ್ಟು ದೊರೆತದ್ದೂ ಅದೇ ವರ್ಷ. ಮದ್ದು ಹುಟ್ಟಿದ ದಿನವೇ ಅದರ ಮೃತ್ಯುವಿನ ಎಚ್ಚರಿಕೆಯೂ ಹುಟ್ಟಿತ್ತೆನ್ನಬಹುದು. 2016ರಲ್ಲಿ ನೆರೆಯ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಸಹಿತ ಹಲವು ಮದ್ದುಗಳಿಗೆ ಬಗ್ಗದ ಟೈಫಾಯ್ಡ್ ತಲೆದೋರಿ ಹಬ್ಬಿತು. ಅಲ್ಲಿನ ವೈದ್ಯರ ಕೈಯಲ್ಲಿ ಉಳಿದ ಮದ್ದುಗಳು ಬೆರಳೆಣಿಕೆಯಷ್ಟು ಮಾತ್ರ. ಕ್ಲೋರಾಂಫೆನಿಕಾಲ್ ಹೋದಾಗ ಸಿಪ್ರೊಫ್ಲಾಕ್ಸಸಿನ್ ಇತ್ತು; ಅದು ಹೋದಾಗ ಸೆಫ್ಟ್ರಿಯಾಕ್ಸೋನ್ ಇತ್ತು. ಇದೂ ಹೋದರೆ ಮುಂದೆ ನಿಲ್ಲುವ ಮದ್ದು ಬೆಲೆಯಲ್ಲಿ ದುಬಾರಿ, ಸಂಖ್ಯೆಯಲ್ಲಿ ವಿರಳ.

ಹೈನುಗಾರಿಕೆಯಲ್ಲಿಯೂ ಈ ವರ್ಗದ ಮದ್ದುಗಳ ಬಳಕೆಯುಂಟು. ಹಸುವಿನ ಕೆಚ್ಚಲುಬಾವಿಗೆ ಪಶುವೈದ್ಯರು ಪ್ರತಿಜೈವಿಕ ಕೊಟ್ಟಾಗ, ಅವರು ಸೂಚಿಸಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು, ಮಕ್ಕಳಿಗೂ ಕುಡಿಸಬಾರದು. ಕನಕಪುರ, ಚನ್ನಪಟ್ಟಣಗಳ ಹಳ್ಳಿಹಳ್ಳಿಯಲ್ಲಿಯೂ ಹಾಲಿನ ಸಂಘಗಳಿರುವಾಗ ಒಬ್ಬನ ಅಜಾಗರೂಕತೆ ಕ್ಯಾನಿನ ಹಾಲನ್ನೆಲ್ಲ ಮುಟ್ಟುತ್ತದೆ.

ಈ ಅಪಾಯವನ್ನು ಮನಗಂಡೇ ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಪ್ರತಿಜೈವಿಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದೆ. ಸೆಫಜೋಲಿನ್ ಸುಲಭ ಬಳಕೆಯ ಗುಂಪಿನಲ್ಲಿಯೂ ಸೆಫ್ಟ್ರಿಯಾಕ್ಸೋನ್ ಕಾವಲಿನಲ್ಲಿಟ್ಟು ಬಳಸಬೇಕಾದ ಗುಂಪಿನಲ್ಲಿಯೂ ಇವೆ. ಭಾರತದಲ್ಲಿ ಮೂರನೆಯ ಮತ್ತು ನಾಲ್ಕನೆಯ ಪೀಳಿಗೆಯ ಸೆಫಲೊಸ್ಪೊರಿನ್‌ಗಳು ಎಚ್-1 ಎಂಬ ಅನುಸೂಚಿಗೆ ಸೇರಿವೆ. ಆ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಹೆಸರು ಮತ್ತು ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಚೀಟಿಯಿಲ್ಲದವನಿಗೆ ಮದ್ದು ಕೊಡದ ಅಂಗಡಿಯವನನ್ನು ಬೈಯುವುದು ಬಿಟ್ಟು ಗೌರವಿಸುವುದನ್ನು ಜನ ಕಲಿಯಬೇಕಾಗಿದೆ.

ಶಾಲೆಯ ಕರ್ತವ್ಯ

ಅಧ್ಯಾಪಕ ವೃಂದವೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕಾರ್ಯಗಳು ಹಲವುಂಟು. ತಂದೆತಾಯಿಗಳಿಂದ ದೂರವಿದ್ದು ವಿದ್ಯಾರ್ಥಿನಿಲಯದಲ್ಲಿ ಓದುವ ಮಗುವಿಗೆ ರಾತ್ರಿಯ ಹೊತ್ತು ಜ್ವರವೇರಿದಾಗ, ಅದನ್ನು ಆಸ್ಪತ್ರೆಗೆ ಒಯ್ಯುವವರು ಮೇಲ್ವಿಚಾರಕರು. ಯಾವ ಮದ್ದು ಆ ಮಗುವಿಗೆ ಒಗ್ಗದೆಂಬುದು ತಾಯಿಗೆ ತಿಳಿದಿರುತ್ತದೆ, ಮೇಲ್ವಿಚಾರಕರಿಗೆ ತಿಳಿದಿರುವುದಿಲ್ಲ. ಪ್ರವೇಶದ ದಿನವೇ ಪ್ರತಿಯೊಂದು ಮಗುವಿಗೂ ಒಗ್ಗದ ಮದ್ದಿನ ಹೆಸರನ್ನು ಪೋಷಕರಿಂದ ಕೇಳಿ ಬರೆದಿಡುವ ಒಂದು ಪುಸ್ತಕವಿದ್ದರೆ ಸಾಕು; ಆ ಒಂದು ಸಾಲು ಒಂದು ಜೀವವನ್ನು ಉಳಿಸಬಲ್ಲುದು. ಇದಕ್ಕೆ ಹಣ ಬೇಡ, ಶ್ರದ್ಧೆ ಬೇಕು.

ಟೈಫಾಯ್ಡ್ ಬರುವುದು ಮಲಿನವಾದ ನೀರು ಮತ್ತು ಆಹಾರಗಳಿಂದ. ಶಾಲೆಯ ತೊಟ್ಟಿ ಶುಚಿಯಾಗಿದ್ದು, ಕುಡಿಯುವ ನೀರು ಕಾಯಿಸಿದ್ದೋ ಶೋಧಿಸಿದ್ದೋ ಆಗಿ, ಶೌಚಾಲಯದ ಬಳಿ ಸಾಬೂನಿದ್ದು, ಅಡುಗೆಯವರ ಕೈ ಶುದ್ಧವಾಗಿದ್ದರೆ ಎಷ್ಟೋ ಮಕ್ಕಳಿಗೆ ಸೂಜಿಯ ಪ್ರಮೇಯವೇ ಬಾರದು. ದಾನಿಗಳು ಕಟ್ಟಡದ ಮೇಲೆ ಹೆಸರು ಕೆತ್ತಿಸುವಷ್ಟೇ ಉತ್ಸಾಹದಿಂದ ಒಂದು ನೀರಿನ ಶುದ್ಧೀಕರಣ ಯಂತ್ರಕ್ಕೂ ಅದರ ವರ್ಷವರ್ಷದ ದುರಸ್ತಿಗೂ ನೆರವಾದರೆ ಅದು ಔಷಧದಾನಕ್ಕಿಂತ ಮಿಗಿಲಾದ ದಾನ. ರೋಗಕ್ಕೆ ಮೊದಲೇ ಎದುರಾಗಿ ನಿಲ್ಲುವ ಲಸಿಕೆಗಳನ್ನು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಹಾಕಿಸುವಂತೆ ಅಧ್ಯಾಪಕರು ಪೋಷಕರಿಗೆ ತಿಳಿಹೇಳಬೇಕು.

ಊರಿನ ಕೆರೆಯ ನೀರು ಎಲ್ಲರ ಸ್ವತ್ತು. ಮೇಲಿನ ಗದ್ದೆಯವನು ಅವಶ್ಯವಿಲ್ಲದೆ ತೂಬು ತೆರೆದುಕೊಂಡರೆ ಬೇಸಗೆಯಲ್ಲಿ ಕೆಳಗಿನ ಗದ್ದೆ ಒಣಗುತ್ತದೆ. ಪ್ರತಿಜೈವಿಕದ ಶಕ್ತಿಯೂ ಅಂತಹ ಸಾಮೂಹಿಕ ಸ್ವತ್ತು. ನೆಗಡಿಗೆ ಹಾಕಿಸಿದ ಸೂಜಿಯ ಸಾಲವನ್ನು ತೀರಿಸಬೇಕಾದವನು ಮುಂದೊಂದು ದಿನ ಮೆದುಳುಜ್ವರದಿಂದ ಮಲಗಿದ ಮತ್ತಾರದೋ ಮಗು. ಬೇಕಾದಾಗ ತಡಮಾಡದೆ, ಬೇಡವಾದಾಗ ಆಸೆಪಡದೆ, ತೊಡಗಿದ ಮೇಲೆ ವೈದ್ಯರು ಹೇಳಿದಷ್ಟು ದಿನ ತಪ್ಪದೆ ಈ ಮದ್ದನ್ನು ಪಡೆಯುವುದೇ ಅದನ್ನು ಮುಂದಿನ ಪೀಳಿಗೆಗೆ ಉಳಿಸುವ ಮಾರ್ಗ. ವೈದ್ಯರ ಮುಂದೆ ಕುಳಿತಾಗ "ಒಂದು ಸೂಜಿ ಹಾಕಿ" ಎನ್ನುವುದಕ್ಕೆ ಬದಲಾಗಿ "ಇದು ಯಾವ ಜ್ವರ, ಇದಕ್ಕೆ ಸೂಜಿ ಬೇಕೇ" ಎಂದು ಕೇಳುವ ಅಭ್ಯಾಸವನ್ನು ನಮ್ಮ ಶಾಲೆಗಳಲ್ಲಿ ಕಲಿತ ಮಕ್ಕಳು ತಮ್ಮ ಮನೆಗಳಿಗೆ ಒಯ್ದರೆ ವಿದ್ಯಾದಾನ ಸಾರ್ಥಕವಾದಂತೆ.